ನಲ್ಲಿಯ ನೀರು, ಎರೆಮಣ್ಣು, ಹಿತ್ತಲಿನ ಹಣ್ಣು: ಅಣ್ಣಿಗೇರಿ ಭಾಗದ ಮನೆಗಳಿಗೆ ಈಗ ಯಾವ ಗಿಡ?



ಅಣ್ಣಿಗೇರಿ, ನವಲಗುಂದ, ಕುಂದಗೋಳ ಭಾಗದ ರೈತರು ಮುಂಗಾರಿಗೆ ಮುನ್ನ ನಮ್ಮಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಬಹುಕಾಲ ಒಂದೇ ಬಗೆಯವಾಗಿದ್ದವು. ಹೆಸರು ಬಿತ್ತನೆಗೆ ಹದ ಎಷ್ಟಿರಬೇಕು, ಹತ್ತಿಯ ಯಾವ ತಳಿ ಲೇಸು, ಮೆಣಸಿನ ಗಿಡದ ಎಲೆ ಮುಟುರಿದರೆ ಏನು ಮಾಡಬೇಕು ಎಂಬವೇ ಅವು. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. ಮನೆಯ ಹಿತ್ತಲಿನಲ್ಲಿ ಸ್ಟ್ರಾಬೆರಿ ಬರುತ್ತದೆಯೇ, ಬ್ಲೂಬೆರಿ ಗಿಡ ತರಿಸಬಹುದೇ, ಡ್ರ್ಯಾಗನ್ ಹಣ್ಣಿಗೆ ಎಷ್ಟು ಕಂಬ ನೆಡಬೇಕು ಎಂದು ಯುವಕರು, ಅದಕ್ಕಿಂತ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು ವಿಚಾರಿಸುತ್ತಿದ್ದಾರೆ. ಕೈಯಲ್ಲಿರುವ ಮೊಬೈಲಿನಲ್ಲಿ ನೋಡಿದ ದೃಶ್ಯವೇ ಹೆಚ್ಚಿನ ಪ್ರಶ್ನೆಗಳಿಗೆ ಮೂಲ. ಆದರೂ ಈ ಪ್ರಶ್ನೆ ಸ್ವಾಗತಾರ್ಹ. ಮನೆಯವರು ಉಣ್ಣುವ ಹಣ್ಣನ್ನು ಮನೆಯಲ್ಲೇ ಬೆಳೆಯಬೇಕೆಂಬ ಬಯಕೆ ನಮ್ಮ ಬಯಲುಸೀಮೆಯಲ್ಲಿ ಇಷ್ಟು ಗಟ್ಟಿಯಾಗಿ ಹಿಂದೆ ಕೇಳಿಬಂದದ್ದನ್ನು ನಾನು ಕಾಣೆ.

ಈ ಬಯಕೆ ಈಗ ಕೈಗೂಡಲು ಕಾರಣಗಳಿವೆ, ಕೈತಪ್ಪಲೂ ಕಾರಣಗಳಿವೆ. ಎರಡನ್ನೂ ತೂಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ: ಅಣ್ಣಿಗೇರಿ ಭಾಗದ ಮನೆಗೆ ಹಣ್ಣಿನ ಗಿಡ ಇಂದು ಸಾಧ್ಯವಾಗಿದೆ. ಆದರೆ ಯಾವ ಗಿಡ ಎಂಬುದನ್ನು ನಮ್ಮ ಮಣ್ಣು ಮತ್ತು ನಮ್ಮ ಬಚ್ಚಲಿನ ನೀರು ತೀರ್ಮಾನಿಸಬೇಕು.

ಬದಲಾದ ಪರಿಸ್ಥಿತಿ

ಮೊದಲನೆಯ ಬದಲಾವಣೆ ನೀರಿನದು. ನಮ್ಮ ಭಾಗದ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರು ಸವಳು. ಕುಡಿಯಲು ಕೆರೆ ಮತ್ತು ಮಲಪ್ರಭೆಯ ನೀರೇ ಆಧಾರ. ಕೊಡ ಹೊತ್ತು ನೀರು ತರುವ ಮನೆಯಲ್ಲಿ ಗಿಡಕ್ಕೆ ನೀರು ಹಾಕು ಎಂದು ಉಪದೇಶಿಸುವುದು ನ್ಯಾಯವಾಗಿರಲಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್ ಪ್ರತಿ ಗ್ರಾಮೀಣ ಮನೆಗೆ ನಲ್ಲಿಯ ಮೂಲಕ ತಲಾ ದಿನಕ್ಕೆ 55 ಲೀಟರ್ ನೀರು ಎಂಬ ಗುರಿಯನ್ನಿಟ್ಟಿತು. 2025ರ ಕೇಂದ್ರ ಮುಂಗಡ ಪತ್ರದಲ್ಲಿ ಅದರ ಅವಧಿಯನ್ನು 2028ರವರೆಗೆ ವಿಸ್ತರಿಸಲಾಯಿತು. ಐದು ಜನರ ಮನೆಗೆ ಈ ಲೆಕ್ಕದಲ್ಲಿ ದಿನಕ್ಕೆ 275 ಲೀಟರ್ ಆಗುತ್ತದೆ. ನಲ್ಲಿಯಲ್ಲಿ ನಿತ್ಯವೂ ನೀರು ಬಾರದ ಊರುಗಳಿವೆ ಎಂಬುದನ್ನು ನಾನು ಬಲ್ಲೆ. ಅರ್ಧದಷ್ಟೇ ಬಚ್ಚಲು ಮತ್ತು ಅಡುಗೆಮನೆಯಿಂದ ಹೊರಬರುತ್ತದೆ ಎಂದು ಹಿಡಿದರೂ ದಿನಕ್ಕೆ 130ರಿಂದ 140 ಲೀಟರ್ ನೀರು ಮನೆಯ ಹಿಂದೆ ಹರಿಯುತ್ತದೆ. ಎರೆಮಣ್ಣು ಅದನ್ನು ಬೇಗ ಹೀರುವುದಿಲ್ಲ. ಹೀಗಾಗಿ ಓಣಿಯಲ್ಲಿ ಕೆಸರು, ಕೆಸರಿನಲ್ಲಿ ಸೊಳ್ಳೆ. ನಲ್ಲಿ ಬಂದ ಮೇಲೆ ಚರಂಡಿಯ ಸಮಸ್ಯೆ ಹೆಚ್ಚಿತು ಎಂದು ಗ್ರಾಮಸಭೆಗಳಲ್ಲಿ ಕೇಳಿಬರುವ ದೂರಿನ ಮೂಲ ಇದೇ.

ಎರಡನೆಯದು ಆಹಾರದ ಕುರಿತ ತಿಳಿವಳಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ದಿನದ ತಟ್ಟೆಯಲ್ಲಿ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣು ಇರಬೇಕೆನ್ನುತ್ತದೆ. ಅದೇ ವೇಳೆ, 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇದೆ. ಹಣ್ಣು ರಕ್ತಹೀನತೆಯ ಔಷಧವಲ್ಲ. ಆರೋಗ್ಯ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡಬಾರದು. ಆದರೆ ನಮ್ಮ ಜೋಳದ ರೊಟ್ಟಿ, ಕಡಲೆ, ಸೊಪ್ಪಿನ ಪಲ್ಲೆಯಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. 100 ಗ್ರಾಂ ಪೇರಲದಲ್ಲಿ ಅದು 200 ಮಿಲಿಗ್ರಾಂ ಆಸುಪಾಸು ಇರುತ್ತದೆ. ಕಿತ್ತಳೆಯಲ್ಲಿ ಇರುವುದು ಅದರ ಕಾಲುಭಾಗದಷ್ಟು. ಊಟದ ಜೊತೆಗೆ ಚಹಾ ಕುಡಿಯುವುದನ್ನು ಬಿಟ್ಟು ಒಂದು ಹೋಳು ಪೇರಲ ತಿಂದರೆ, ಅದೇ ರೊಟ್ಟಿ ಹೆಚ್ಚು ಫಲ ಕೊಡುತ್ತದೆ.

ಕಡಲೆ, ಮೆಣಸಿನಕಾಯಿ, ಹತ್ತಿ, ಈರುಳ್ಳಿ ಬೆಳೆದು ದೂರದೂರದ ಪೇಟೆಗೆ ಕಳಿಸುವ ಮನೆಯಲ್ಲಿ ಹಣ್ಣು ಬರುವುದು ಹಬ್ಬಕ್ಕೆ, ಇಲ್ಲವೇ ಯಾರಾದರೂ ಹಾಸಿಗೆ ಹಿಡಿದಾಗ. ಶಾಲೆಯಲ್ಲಿ ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಸಿಗುತ್ತದೆ. ಮನೆಗೆ ಬಂದ ಮೇಲೆ ಏನು? ನಿಜವಾಗಿ ಪಣಕ್ಕಿರುವುದು ಈ ಪ್ರಶ್ನೆಯೇ.

ಮೊಬೈಲಿನ ಹಣ್ಣು, ಎರೆ ಭೂಮಿಯ ಸತ್ಯ

ಈಗ ಕೇಳಿಬರುತ್ತಿರುವ ಮೂರು ಹಣ್ಣುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಬ್ಲೂಬೆರಿಗೆ ರಸಸಾರ 4.5ರಿಂದ 5.5ರ ಹುಳಿಮಣ್ಣು ಬೇಕು. ಅಣ್ಣಿಗೇರಿಯ ಎರೆ ಭೂಮಿಯ ರಸಸಾರ ಸಾಮಾನ್ಯವಾಗಿ 8ರಿಂದ 9ರ ನಡುವೆ. ಮಣ್ಣಿನಲ್ಲಿ ಸುಣ್ಣದ ಹರಳು ಬೇರೆ. ಗಂಧಕ ಹಾಕಿ ಈ ಮಣ್ಣನ್ನು ಹುಳಿ ಮಾಡುತ್ತೇನೆಂದು ಹೊರಟವರು ಗಂಧಕವನ್ನು ಕಳೆದುಕೊಳ್ಳುತ್ತಾರೆ, ಸುಣ್ಣ ಹಾಗೆಯೇ ಉಳಿಯುತ್ತದೆ. ಅಂಚೆಯಲ್ಲಿ ತರಿಸಿದ ಬ್ಲೂಬೆರಿ ಸಸಿ ನಮ್ಮ ನೆಲದಲ್ಲಿ ಒಂದು ಬೇಸಿಗೆ ದಾಟುವುದಿಲ್ಲ. ಇದಕ್ಕೆ ಹಣ ಹಾಕಬೇಡಿ.

ಸ್ಟ್ರಾಬೆರಿಯ ಹೆಸರು ಹೇಳಿದೊಡನೆ ಮಹಾಬಳೇಶ್ವರ ನೆನಪಾಗುತ್ತದೆ. 2010ರಲ್ಲಿ ಅಲ್ಲಿನ ಸ್ಟ್ರಾಬೆರಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಆ ಊರು 1,300 ಮೀಟರಿಗಿಂತ ಎತ್ತರದ ತಂಪಿನಲ್ಲಿ, ನೀರು ಬಸಿಯುವ ಕೆಂಪು ಜಂಬಿಟ್ಟಿಗೆ ಮಣ್ಣಿನ ಮೇಲಿದೆ. ಜೊತೆಗೆ, ಉಪ್ಪನ್ನು ತಾಳದ ಬೆಳೆಗಳ ಸಾಲಿನಲ್ಲಿ ಸ್ಟ್ರಾಬೆರಿ ಮುಂಚೂಣಿಯಲ್ಲಿದೆ. ಮಣ್ಣಿನ ವಿದ್ಯುತ್ ವಾಹಕತೆ 1 ಡೆಸಿಸೀಮನ್ಸ್ ದಾಟಿದೊಡನೆ ಅದರ ಇಳುವರಿ ಕುಸಿಯತೊಡಗುತ್ತದೆ. ಸವಳು ನೀರಿನ ಊರಿನಲ್ಲಿ ಇದು ಹೊಲದ ಬೆಳೆಯಾಗದು. ಮಕ್ಕಳ ಸಂತೋಷಕ್ಕಾಗಿ ಅಕ್ಟೋಬರಿನಲ್ಲಿ ಹತ್ತು ಚೀಲಗಳಲ್ಲಿ ತೆಂಗಿನ ನಾರಿನ ಪುಡಿ ಮತ್ತು ಎರೆಹುಳು ಗೊಬ್ಬರ ತುಂಬಿ, ಕೂಡಿಟ್ಟ ಮಳೆನೀರು ಹಾಕಿ ಬೆಳೆದರೆ ಫೆಬ್ರವರಿಯವರೆಗೆ ಕೆಲವು ಹಣ್ಣು ಸಿಗುತ್ತವೆ. ಅದನ್ನು ಚಳಿಗಾಲದ ಆಟವೆಂದು ತಿಳಿಯಿರಿ; ಮನೆಯ ಹಣ್ಣಿನ ಆಧಾರವೆಂದು ತಿಳಿಯಬೇಡಿ.

ಡ್ರ್ಯಾಗನ್ ಹಣ್ಣು ಕಳ್ಳಿಯ ಜಾತಿ. ಬಿಸಿಲನ್ನು ತಕ್ಕಮಟ್ಟಿಗೆ ತಾಳುತ್ತದೆ. ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದಕ್ಕೆಂದೇ ಕೆಲಸ ಮಾಡುತ್ತಿದೆ. ಆದರೆ ಎರೆಮಣ್ಣಿನಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಎತ್ತರದ ದಿಬ್ಬದ ಮೇಲೆ ಒಂದು ಕಂಬ, ನಾಲ್ಕು ಬಳ್ಳಿ: ಮನೆಗೆ ಇಷ್ಟು ಸಾಕು. ಸಾಲ ಮಾಡಿ ನೂರಾರು ಕಂಬ ನೆಡುವುದು ಬೇರೆಯೇ ಸಂಗತಿ, ಅದಕ್ಕೆ ಬೇರೆಯೇ ಲೆಕ್ಕಾಚಾರ ಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಆಕ್ರೋಶ ಕಚೇರಿ, ವಾಹನಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. ಪೇಟೆಯ ದರವನ್ನೇ ನಂಬಿದ ಬದುಕು ಎಷ್ಟು ಬಿಗುವಿನಲ್ಲಿದೆ ಎಂಬುದಕ್ಕೆ ಆ ದಿನ ಸಾಕ್ಷಿ. ಹಿತ್ತಲಿನ ಹಣ್ಣನ್ನೂ ಅದೇ ಪೇಟೆಯ ಕಣ್ಣಿನಿಂದ ನೋಡಿದರೆ, ನಮ್ಮ ಪಾಲಿಗೆ ಇನ್ನೊಂದು ಜೂಜು ಸೇರುತ್ತದೆ, ಅಷ್ಟೇ. ಮನೆಯವರು ತಿಂದು ಉಳಿದರೆ ನೆರೆಮನೆಗೆ, ಅಲ್ಲಿಯೂ ಮಿಕ್ಕರೆ ಸಂತೆಗೆ ಎಂಬ ಕ್ರಮದಲ್ಲಿ ಯೋಚಿಸಿರಿ.

ಎರೆಮಣ್ಣು ಒಪ್ಪುವ ಗಿಡಗಳು

ಅಣ್ಣಿಗೇರಿಯ ಹೆಸರನ್ನು ಕೃಷಿಲೋಕ ಬಲ್ಲದ್ದು ಅಣ್ಣಿಗೇರಿ–1 ಎಂಬ ಕಡಲೆ ತಳಿಯಿಂದ. ಹಿಂಗಾರಿನಲ್ಲಿ ಎರೆ ಭೂಮಿ ಹಿಡಿದಿಟ್ಟ ತೇವದ ಮೇಲೆಯೇ ಬೆಳೆದು, ಬೇಸಿಗೆಗೆ ಮುನ್ನ ಕಾಳು ಕಟ್ಟಿ ಮುಗಿಸುವುದು ಕಡಲೆಯ ಗುಣ. ಹಣ್ಣಿನ ಗಿಡದಲ್ಲಿಯೂ ನಾವು ಹುಡುಕಬೇಕಾದದ್ದು ಇದೇ ಗುಣವನ್ನು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಆಸುಪಾಸಿನ ಮಳೆ, ಏಪ್ರಿಲ್–ಮೇ ತಿಂಗಳ ಉರಿ, ಬಾಯಿಬಿಡುವ ನೆಲ, ಮಳೆಗಾಲದಲ್ಲಿ ಬಸಿಯದೆ ನಿಲ್ಲುವ ನೀರು: ಇವಿಷ್ಟನ್ನೂ ತಾಳಬಲ್ಲ ಗಿಡಗಳು ನಮ್ಮ ನಡುವೆಯೇ ಇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇವು ತಕ್ಕ ಉದಾಹರಣೆ.

ಮೊದಲ ಸ್ಥಾನ ಬಾರಿಹಣ್ಣಿಗೆ. ಸಂಕ್ರಾಂತಿಯಂದು ಮಕ್ಕಳ ತಲೆಯ ಮೇಲೆ ಎರೆಯುವ ಈ ಹಣ್ಣನ್ನು ನಾವು ಹೊಲದ ಬದುವಿನ ಮುಳ್ಳುಗಿಡವೆಂದು ಕಡೆಗಣಿಸಿದ್ದೇವೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿದ್ರಿಸುವುದರಿಂದ, ಬೇರೂರಿದ ಬಾರಿ ಮರ ಏಪ್ರಿಲ್–ಮೇ ತಿಂಗಳಲ್ಲಿ ನಿಮ್ಮಿಂದ ಹನಿ ನೀರನ್ನೂ ಕೇಳುವುದಿಲ್ಲ. ಉಪ್ಪನ್ನು ತಾಳುವ ಶಕ್ತಿಯೂ ಇದಕ್ಕೆ ಹೆಚ್ಚು. ಉಮ್ರಾನ್, ಕಡಾಕಾ, ಗೋಲಾ ಮುಂತಾದ ಕಸಿ ತಳಿಗಳ ಹಣ್ಣು ದೊಡ್ಡದು ಮತ್ತು ಸಿಹಿ. ಒಂದು ವಿಷಯ ನೆನಪಿಡಿ: ಬಾರಿಯ ತಾಯಿಬೇರು ಬೇಗ ಆಳಕ್ಕಿಳಿಯುತ್ತದೆ, ಚೀಲದಲ್ಲಿ ಸುರುಳಿಯಾಗಿ ಬೆಳೆದ ಸಸಿ ನೆಲದಲ್ಲಿ ಸೊರಗುತ್ತದೆ. ಆದ್ದರಿಂದ ಕಾಡು ಬಾರಿಯ ಬೀಜವನ್ನು ಗಿಡ ಇರಬೇಕಾದ ಜಾಗದಲ್ಲೇ ಬಿತ್ತಿ, ಮರುವರ್ಷ ಜೂನ್–ಜುಲೈನಲ್ಲಿ ಅಲ್ಲಿಯೇ ಕಣ್ಣು ಕಸಿ ಮಾಡಿಸುವುದು ಉತ್ತಮ. ಹಣ್ಣು ಮುಗಿದ ಮೇಲೆ ಪ್ರತಿ ಬೇಸಿಗೆಯಲ್ಲಿ ತಪ್ಪದೆ ಸವರಬೇಕು. ಹೊಸ ಚಿಗುರಿನಲ್ಲಿಯೇ ಕಾಯಿ ಬರುತ್ತದೆ.

ಎರಡನೆಯದು ಕವಳಿ. ನಮ್ಮ ನೆಲದ ನಿಜವಾದ ಬೆರಿ ಹಣ್ಣು ಇದೇ ಎನ್ನಬಹುದು. ಮೂರು ಅಡಿಗೊಂದರಂತೆ ನೆಟ್ಟರೆ ಮೂರು ನಾಲ್ಕು ವರ್ಷದಲ್ಲಿ ಕುರಿ, ದನ ನುಗ್ಗದ ಮುಳ್ಳುಬೇಲಿಯಾಗುತ್ತದೆ. ಎಳೆಗಾಯಿ ಉಪ್ಪಿನಕಾಯಿಗೆ, ಮಾಗಿದ್ದು ಮಕ್ಕಳ ಬಾಯಿಗೆ. ಬೇಲಿಗೆ ತಂತಿ ಕೊಳ್ಳುವ ಖರ್ಚೂ ಉಳಿಯುತ್ತದೆ.

ಮೂರನೆಯದು ಪೇರಲ. ಸರ್ದಾರ್ ಎಂದು ಕರೆಯುವ ಎಲ್–49, ಅಲಹಾಬಾದ್ ಸಫೇದಾ, ಅರ್ಕಾ ಮೃದುಲಾ ತಳಿಗಳು ನಂಬಬಲ್ಲವು. ಬಚ್ಚಲಿನ ನೀರು ಸಿಗುವ ಜಾಗ ಇದಕ್ಕೆ ಸರಿ. ಸುಣ್ಣದ ಮಣ್ಣಿನಲ್ಲಿ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗಳಿಗೆ ಸಿಂಪಡಿಸಿರಿ. ಮಣ್ಣಿಗೆ ಹಾಕಿದ ಕಬ್ಬಿಣವನ್ನು ಸುಣ್ಣ ಕಟ್ಟಿಹಾಕುತ್ತದೆ.

ಜಾಗ ಹೆಚ್ಚಿದ್ದವರಿಗೆ ಚಿಕ್ಕು ಇದೆ. ಕಾಲಿಪತ್ತಿ ಹಾಗೂ ಧಾರವಾಡದಲ್ಲಿಯೇ ರೂಪುಗೊಂಡ ಡಿ.ಎಚ್.ಎಸ್.–1, ಡಿ.ಎಚ್.ಎಸ್.–2 ಸಂಕರಗಳು ಪರಿಚಿತ. ತಡವಾಗಿ ಫಲಕ್ಕೆ ಬಂದರೂ ಸವಳನ್ನು ಸಾಕಷ್ಟು ತಾಳುವ ಮರ ಅದು. ಅಂಜೂರ, ಹಿಪ್ಪುನೇರಳೆಗಳನ್ನು ಕಡ್ಡಿಯಿಂದಲೇ ಬೆಳೆಸಬಹುದು. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನಲು ಹಿಪ್ಪುನೇರಳೆಗಿಂತ ಸುಲಭದ ಹಣ್ಣಿಲ್ಲ. ನೇರಳೆ ದೊಡ್ಡ ಮರ. ಅದರ ಜಾಗ ಹೊಲದ ಬದು, ಹಿತ್ತಲಲ್ಲ. ಪಪ್ಪಾಯ ಒಂದೇ ವರ್ಷದಲ್ಲಿ ಹಣ್ಣು ಕೊಡುತ್ತದೆಯಾದರೂ ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಸಾಯುತ್ತದೆ. ದಿಬ್ಬದ ಮೇಲಲ್ಲದೆ ಬೇರೆಡೆ ನೆಡಬೇಡಿ. ಲಿಂಬೆಯನ್ನು ಸಿಹಿನೀರು ಇದ್ದವರಷ್ಟೇ ಆರಿಸಿಕೊಳ್ಳಲಿ.

ನಾನು ಮಾಡಿದ ತಪ್ಪು

ಮೂವತ್ತು ವರ್ಷಗಳ ಹಿಂದೆ, ಬೇಸಾಯಶಾಸ್ತ್ರದಲ್ಲಿ ಪದವಿ ಪಡೆದ ಹುಮ್ಮಸ್ಸಿನಲ್ಲಿ, ನಾನು ಬಾಡಿಗೆ ಮನೆಯ ಹಿತ್ತಲಿನಲ್ಲಿ ಮೂರು ಪೇರಲ ನೆಟ್ಟೆ. ಎರೆಮಣ್ಣು ಬೇಡವೆಂದು ಮೂರಡಿ ಆಳದ ಗುಂಡಿ ತೋಡಿ, ಹೊರಗಿನಿಂದ ಕೆಮ್ಮಣ್ಣು ಮತ್ತು ಉಸುಕು ತರಿಸಿ ತುಂಬಿದೆ. ಮೊದಲ ವರ್ಷ ಗಿಡಗಳು ಚೆನ್ನಾಗಿ ಚಿಗುರಿದವು. ಎರಡನೆಯ ವರ್ಷದ ಜಡಿಮಳೆಯಲ್ಲಿ ಎರಡು ಗಿಡ ಒಂದೇ ವಾರದಲ್ಲಿ ಬಾಡಿ ಸತ್ತವು. ಅಗೆದು ನೋಡಿದರೆ ಗುಂಡಿಯ ತಳದಲ್ಲಿ ನೀರು ನಿಂತು ಬೇರು ಕಪ್ಪಾಗಿತ್ತು. ಸುತ್ತಲಿನ ಎರೆಮಣ್ಣು ನೀರು ಬಿಡುವುದಿಲ್ಲ, ಒಳಗಿನ ಸಡಿಲ ಮಣ್ಣು ನೀರನ್ನು ಎಳೆದುಕೊಳ್ಳುತ್ತದೆ. ನಾನು ಗಿಡಕ್ಕೆಂದು ತೋಡಿದ್ದು ಒಂದು ಹಂಡೆಯಾಗಿತ್ತು. ನಿಮ್ಮಲ್ಲಿ ಹಲವರು ಇಂದಿಗೂ ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ತರಿಸುವ ಯೋಚನೆಯಲ್ಲಿದ್ದೀರಿ ಎಂದು ತಿಳಿದೇ ಇದನ್ನು ಹೇಳುತ್ತಿದ್ದೇನೆ.

ಸರಿಯಾದ ಕ್ರಮ ಸರಳವಾಗಿದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ. ಅದೇ ಎರೆಮಣ್ಣಿಗೆ ಒಂದು ಬುಟ್ಟಿ, ಅಂದರೆ 15 ಕಿಲೋ ಆಸುಪಾಸು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿರಿ. ಅದರ ಮೇಲೆ ಒಂದೂವರೆ ಅಡಿ ಎತ್ತರ, ನಾಲ್ಕು ಅಡಿ ಅಗಲದ ದಿಬ್ಬ ಕಟ್ಟಿ, ಒಂದೆರಡು ಮಳೆಗೆ ಅದು ಕುಳಿತ ಮೇಲೆ ಸಸಿ ನೆಡಿ. ದಿಬ್ಬದ ಸುತ್ತ ಸಣ್ಣ ಬಸಿಗಾಲುವೆ ಇರಲಿ. ಚಳಿಗಾಲ ಮುಗಿಯುವ ಮುನ್ನ ಕಡಲೆ ಹೊಟ್ಟು, ಜೋಳದ ರವದಿ ಅಥವಾ ಒಣ ಎಲೆಗಳನ್ನು ನಾಲ್ಕು ಅಂಗುಲ ಹೊದಿಸಿರಿ. ಕಾಂಡಕ್ಕೆ ಮಾತ್ರ ತಾಗಬಾರದು. ನೆಲ ಬಿರಿದರೆ ಬಿರುಕನ್ನು ಮಣ್ಣಿನಿಂದ ಮುಚ್ಚಿರಿ. ಬಿರುಕು ತೇವವನ್ನು ಹೊರಬಿಡುವುದಲ್ಲದೆ ಎಳೆಯ ಬೇರನ್ನು ಹರಿಯುತ್ತದೆ.

ಬಚ್ಚಲಿನ ನೀರಿನ ವಿವೇಕ

ಬಚ್ಚಲಿನ ನೀರು ಗಿಡಕ್ಕೆ ವರವೂ ಆಗಬಹುದು, ವಿಷವೂ ಆಗಬಹುದು. ಸಾಬೂನು ಮತ್ತು ಬಟ್ಟೆ ತೊಳೆಯುವ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಅದು ಎರೆಮಣ್ಣಿನ ಕಣಗಳನ್ನು ಚದುರಿಸಿ, ಮೊದಲೇ ಬಿಗಿಯಾದ ಮಣ್ಣನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಆದ್ದರಿಂದ ಬಟ್ಟೆ ಒಗೆಯುವಾಗ ಮೊದಲ ನೊರೆ ನೀರನ್ನು ಚರಂಡಿಗೆ ಬಿಟ್ಟು, ಜಾಲಾಡಿಸಿದ ನೀರನ್ನು ಗಿಡಕ್ಕೆ ಬಿಡಿ. ಸ್ನಾನದ ನೀರು, ಅಕ್ಕಿ–ಬೇಳೆ–ತರಕಾರಿ ತೊಳೆದ ನೀರು ನಿಶ್ಚಿಂತೆಯಿಂದ ಬಳಸಬಹುದು. ಬೂದಿ ಹಾಕಿ ಪಾತ್ರೆ ತಿಕ್ಕುವ ಮನೆಗಳಲ್ಲಿ ಆ ನೀರು ಬೇಡ. ಬೂದಿ ಕ್ಷಾರಗುಣದ್ದು, ನಮ್ಮ ಮಣ್ಣಿಗೆ ಕ್ಷಾರ ಈಗಾಗಲೇ ಸಾಕಷ್ಟಿದೆ. ಶೌಚಾಲಯದ ನೀರು ಸರ್ವಥಾ ಸಲ್ಲದು. ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ನಿಲ್ಲಿಸಬೇಡಿ, ಜಲ್ಲಿ ತುಂಬಿದ ಸಣ್ಣ ತೊಟ್ಟಿಯ ಮೂಲಕ ಸೋಸಿ ಬುಡಕ್ಕೆ ಮಾತ್ರ ಬಿಡಿ, ಎಲೆಗೂ ಹಣ್ಣಿಗೂ ತಾಗಿಸಬೇಡಿ. ಇಂದು ಒಂದು ಗಿಡ, ನಾಳೆ ಇನ್ನೊಂದು ಎಂಬಂತೆ ಸರದಿ ಬದಲಿಸಿರಿ.

ಬುಡದಲ್ಲಿ ಬಿಳಿ ಪೊರೆ ಕಂಡರೆ, ಎಲೆಯ ಅಂಚು ಸುಟ್ಟಂತಾದರೆ ಉಪ್ಪು ಸೇರುತ್ತಿದೆ ಎಂದರ್ಥ. ಮಣ್ಣು ಪರೀಕ್ಷೆ ಮಾಡಿಸಿ, ಸಲಹೆಯ ಪ್ರಮಾಣದ ಜಿಪ್ಸಂ ಅನ್ನು ಮುಂಗಾರಿಗೆ ಮುನ್ನ ಬುಡದ ಸುತ್ತ ಹರಡಿ ಕೆದಕಿರಿ. ಮಳೆನೀರು ಉಪ್ಪನ್ನು ಕೆಳಗೆ ಒಯ್ಯುತ್ತದೆ. ಮಳೆನೀರಿನ ಲೆಕ್ಕವನ್ನೂ ಒಮ್ಮೆ ನೋಡಿ: 500 ಚದರ ಅಡಿಯ ಕಾಂಕ್ರೀಟ್ ಮಾಳಿಗೆಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ, ಐದನೆಯ ಒಂದು ಭಾಗ ವ್ಯರ್ಥವಾದರೂ 22,000 ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಅಷ್ಟನ್ನೂ ಹಿಡಿಯಲಾಗದಿದ್ದರೆ ಎರಡು ಪೀಪಾಯಿ ಹಿಡಿಯಿರಿ. ಎಳೆಯ ಗಿಡಗಳಿಗೆ ಅದೂ ಒಂದು ಆಸರೆ.

ಒಂದು ಗುಂಟೆಯ ಲೆಕ್ಕ

ಐದು ಜನರಿಗೆ ತಲಾ 100 ಗ್ರಾಂ ಎಂದರೆ ವರ್ಷಕ್ಕೆ ಸುಮಾರು 180 ಕಿಲೋ ಹಣ್ಣು. ಒಂದು ಗುಂಟೆಯ ಹಿತ್ತಲಿನಲ್ಲಿ ಮೂಲೆಗೊಂದು ಬಾರಿ, ಬಚ್ಚಲಿನ ಬದಿಗೆ ಎರಡು ಪೇರಲ, ದಿಬ್ಬದ ಮೇಲೆ ಎರಡು ಪಪ್ಪಾಯ, ಬೇಲಿಗುಂಟ ಹತ್ತು ಕವಳಿ, ಒಂದು ಹಿಪ್ಪುನೇರಳೆ, ಒಂದು ಅಂಜೂರ ಹಿಡಿಸುತ್ತವೆ. ಪುಸ್ತಕದ ಇಳುವರಿಯನ್ನು ಬಿಟ್ಟು, ನಮ್ಮ ನೆಲಕ್ಕೆ ತಕ್ಕಂತೆ ಕಡಿಮೆ ಮಾಡಿ ಲೆಕ್ಕ ಹಾಕಿದರೂ ಐದನೆಯ ವರ್ಷಕ್ಕೆ ಬಾರಿಯಿಂದ 40, ಪೇರಲದಿಂದ 50, ಪಪ್ಪಾಯದಿಂದ 40, ಕವಳಿಯಿಂದ 30, ಉಳಿದೆರಡರಿಂದ 10 ಕಿಲೋ ನಿರೀಕ್ಷಿಸಬಹುದು. ಒಟ್ಟು 170 ಕಿಲೋ. ಗುರಿಗೆ ಬಹಳ ಹತ್ತಿರ. ಇನ್ನೂ ಮುಖ್ಯವಾದ ಮಾತೆಂದರೆ ಇವು ಒಟ್ಟಿಗೆ ಬರುವುದಿಲ್ಲ. ಬೇಸಿಗೆಯ ಕೊನೆಗೆ ಕವಳಿಯ ಎಳೆಗಾಯಿ, ಮಳೆಗಾಲದಲ್ಲಿ ಅದರ ಮಾಗಿದ ಹಣ್ಣು ಮತ್ತು ಪೇರಲ, ಚಳಿಗಾಲದಲ್ಲಿ ಮತ್ತೆ ಪೇರಲ, ಸಂಕ್ರಾಂತಿಯ ಸುತ್ತ ಬಾರಿ, ನಡುನಡುವೆ ಪಪ್ಪಾಯ. ಮೊದಲ ಎರಡು ಬೇಸಿಗೆ ಎಲ್ಲ ಎಳೆಯ ಗಿಡಗಳಿಗೂ ನೀರು ಬೇಕು. ಆಮೇಲೆ ಬಾರಿ, ಕವಳಿಗಳು ತಮ್ಮ ಪಾಲನ್ನು ಪೇರಲಕ್ಕೆ ಬಿಟ್ಟುಕೊಡುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುದನ್ನು ನಾವು ಕಂಡಿದ್ದೇವೆ. ಆದ್ದರಿಂದ ಗಿಡಗಳ ಸಂಖ್ಯೆಯನ್ನು ಕಷ್ಟದ ಬೇಸಿಗೆಯಲ್ಲಿ ಮನೆಯಿಂದ ಹೊರಬರುವ ನೀರಿಗೆ ತಕ್ಕಂತೆ ನಿರ್ಧರಿಸಿರಿ. ಎಲ್ಲವನ್ನೂ ಒಂದೇ ವರ್ಷ ನೆಡಬೇಕಾಗಿಲ್ಲ.

ಸಸಿ ಎಲ್ಲಿಂದ?

2024ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟ 1,765.67 ಕೋಟಿ ರೂಪಾಯಿಯ ಸ್ವಚ್ಛ ಸಸಿ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಹಣ್ಣಿನ ಬೆಳೆಗಳ ರೋಗಮುಕ್ತ ಮೂಲಸಸ್ಯಗಳಿಗಾಗಿ ದೇಶದಲ್ಲಿ ಒಂಬತ್ತು ಕೇಂದ್ರಗಳನ್ನು ಸ್ಥಾಪಿಸುವ ಯೋಜನೆಯದು. ಸಸಿಯ ಮೂಲಕವೇ ರೋಗ ಹರಡುತ್ತದೆ ಎಂಬುದನ್ನು ಸರ್ಕಾರ ಒಪ್ಪಿಕೊಂಡಂತಾಯಿತು. ಆದರೆ ಅದರ ಫಲ ದೊಡ್ಡ ನರ್ಸರಿಗಳನ್ನು ದಾಟಿ ನಮ್ಮ ಸಂತೆಯ ಸಸಿಗಾಡಿಗೆ ತಲುಪಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಎಚ್ಚರಿಕೆ ನಿಮ್ಮದೇ. ಪೇರಲ ಸಸಿಯನ್ನು ಕೊಳ್ಳುವ ಮುನ್ನ ಒಂದರ ಚೀಲ ಬಿಡಿಸಿ ಬೇರು ನೋಡಿ. ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳುವಿನ ಬಾಧೆ. ಆ ಕಂತಿನ ಯಾವ ಸಸಿಯನ್ನೂ ತರಬೇಡಿ. ಕಸಿಯ ಕೂಡು ಗಟ್ಟಿಯಾಗಿದೆಯೇ, ಚಿಗುರು ಕೂಡಿನ ಮೇಲಿನಿಂದ ಬಂದಿದೆಯೇ ಎಂದು ಪರೀಕ್ಷಿಸಿ. ತಳಿಯ ಹೆಸರಿರುವ ರಸೀದಿ ಪಡೆಯಿರಿ. ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳ ಸಸ್ಯಾಗಾರ, ತೋಟಗಾರಿಕೆ ಇಲಾಖೆಯ ಕ್ಷೇತ್ರಗಳಿಗೆ ಮೊದಲ ಆದ್ಯತೆ ಇರಲಿ.

ವಿಸ್ತರಣಾ ಕಾರ್ಯಕರ್ತರಿಗೆ

ನಮ್ಮ ವ್ಯವಸ್ಥೆಯ ಒಂದು ಕೊರತೆಯನ್ನು ನಾವೇ ಒಪ್ಪಿಕೊಳ್ಳಬೇಕು. ತೋಟಗಾರಿಕೆಯ ಸಹಾಯಧನ ಹೆಕ್ಟೇರಿನಲ್ಲಿ ಲೆಕ್ಕವಾಗುತ್ತದೆ, ಪಹಣಿಯನ್ನು ಕೇಳುತ್ತದೆ. ಹಿತ್ತಲಿಗೆ ಪಹಣಿಯಿಲ್ಲ. ಪಹಣಿಯಲ್ಲಿ ಹೆಸರಿರುವ ಗಂಡಸು ತರಬೇತಿಗೆ ಬರುತ್ತಾನೆ. ಬಚ್ಚಲಿನ ನೀರು ಯಾವಾಗ ಎಷ್ಟು ಹೊರಬರುತ್ತದೆಂದು ಬಲ್ಲ ಹೆಣ್ಣುಮಗಳು ಮನೆಯಲ್ಲಿ ಉಳಿಯುತ್ತಾಳೆ. ಹಿತ್ತಲಿನ ಹಣ್ಣಿನ ತರಬೇತಿಯನ್ನು ಸಂಜೀವಿನಿ ಸ್ವಸಹಾಯ ಸಂಘಗಳ ಸಭೆಯಲ್ಲಿ, ಅವರಿಗೆ ಬಿಡುವಿರುವ ಹೊತ್ತಿನಲ್ಲಿ, ಒಂದು ಮನೆಯ ಹಿತ್ತಲಿನಲ್ಲಿಯೇ ನಡೆಸಿರಿ. ಹಳೆಯ ಊರಿನ ಒತ್ತೊತ್ತಾದ ಓಣಿಗಳಲ್ಲಿ ಹಿತ್ತಲೇ ಇಲ್ಲದ ಮನೆಗಳು ಬಹಳ. ಭೂಮಿಯಿಲ್ಲದ ಕೂಲಿಕಾರರ ಮಕ್ಕಳಿಗೆ ಹಣ್ಣು ಇನ್ನೂ ದೂರ. ಅವರಿಗಾಗಿ ಅಂಗನವಾಡಿ, ಶಾಲೆಯ ಆವರಣ ಮತ್ತು ಸಾರ್ವಜನಿಕ ನಲ್ಲಿಯ ಬಸಿನೀರಿನ ಜಾಗಗಳನ್ನು ಗುರುತಿಸಿ, ಅಲ್ಲಿ ಅಲಂಕಾರದ ಗಿಡಗಳ ಬದಲು ಬಾರಿ, ಪೇರಲ, ಕವಳಿ ನೆಡುವಂತೆ ಗ್ರಾಮ ಪಂಚಾಯಿತಿಯನ್ನು ಒಪ್ಪಿಸಿರಿ. ನೆಟ್ಟ ಸಸಿಗಳ ಸಂಖ್ಯೆಯನ್ನು ವರದಿ ಮಾಡುವುದು ರೂಢಿ. ಎರಡನೆಯ ಬೇಸಿಗೆ ದಾಟಿ ಬದುಕಿದ ಗಿಡಗಳ ಸಂಖ್ಯೆಯನ್ನೂ ದಾಖಲಿಸಿರಿ. ನಮ್ಮ ಸಲಹೆ ಸರಿಯೋ ತಪ್ಪೋ ಎಂಬುದು ಆಗಲೇ ತಿಳಿಯುತ್ತದೆ.

ರೈತ ಬಾಂಧವರೇ, ಈ ಮುಂಗಾರಿಗೆ ಮುನ್ನ ಮೂರು ಕೆಲಸ ಮಾಡಿರಿ. ಒಂದು, ಹಿತ್ತಲಿನ ಮಣ್ಣು ಮತ್ತು ಬಳಸುವ ನೀರನ್ನು ಪರೀಕ್ಷೆ ಮಾಡಿಸಿ. ರುಚಿ ನೋಡಿ ಉಪ್ಪನ್ನು ಅಳೆಯಲಾಗದು. ಎರಡು, ಒಂದು ವಾರ ಬಚ್ಚಲಿನ ನೀರನ್ನು ಕೊಡದಲ್ಲಿ ಅಳೆದು ಬರೆದಿಡಿ. ಮೂರು, ಆ ಅಳತೆ ಹೇಳುವಷ್ಟೇ ಗುಂಡಿಗಳನ್ನು ತೋಡಿ. ಸಂದೇಹಗಳಿದ್ದರೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು, ಧಾರವಾಡದ ಸೈದಾಪುರ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಶುಲ್ಕವಿಲ್ಲದ ಕಿಸಾನ್ ಕರೆ ಕೇಂದ್ರ 1800–180–1551 ಅನ್ನು ಸಂಪರ್ಕಿಸಿರಿ.

ನನ್ನ ಮೂರು ಪೇರಲಗಳಲ್ಲಿ ಉಳಿದ ಒಂದನ್ನು ಆ ಮನೆಯ ಮಾಲೀಕರು ದಿಬ್ಬ ಏರಿಸಿ, ಸ್ನಾನದ ನೀರು ಹರಿಸಿ ಉಳಿಸಿಕೊಂಡರು. ಅವರು ಕೃಷಿ ಓದಿದವರಲ್ಲ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿ ಬಲ್ಲವರಾಗಿದ್ದರು. ನಿಮ್ಮ ಹಿತ್ತಲಿನ ಬಗ್ಗೆ ಆ ಅರಿವು ನಿಮಗೂ ಇದೆ. ಸಸಿಯನ್ನು ಆರಿಸುವಾಗ ಅದನ್ನು ಬಳಸಿರಿ.